ಟ್ರಂಕಿನ ಮುಚ್ಚಳದ ಒಳಗಿನ ಫೋಟೋ

ಮನೆಯ ಆಸರೆ ಸಿಗದ ಮಕ್ಕಳು ಬೆಳೆಯುವ ಬಾಲಮಂದಿರದಲ್ಲಿ, ಅವರು ಮಲಗುವ ಹಾಲಿನ ಗೋಡೆಯುದ್ದಕ್ಕೂ ತಗಡಿನ ಟ್ರಂಕುಗಳು ಸಾಲಾಗಿರುತ್ತವೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ನಂಬರು. ಮುಚ್ಚಳ ಎತ್ತಿದರೆ ಅದರ ಒಳಬದಿಯಲ್ಲಿ ಆ ಮಗುವಿನ ಸ್ವಂತ ಲೋಕ ಕಾಣುತ್ತದೆ: ಬಬಲ್‌ಗಮ್ ಜೊತೆ ಬಂದ ಸ್ಟಿಕ್ಕರು, ಹಳೆ ಕ್ಯಾಲೆಂಡರಿನಿಂದ ಕತ್ತರಿಸಿದ ದೇವರು, ಬಹಳ ಸಲ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ. ಶಾಲೆಗೆ ಸೇರಿಸುವಾಗ ಎಂಟು ಪ್ರತಿ ತೆಗೆಸಿ, ಅರ್ಜಿಗಳಿಗೆಲ್ಲ ಅಂಟಿಸಿ ಮಿಕ್ಕಿದ್ದು. ಅನ್ನದ ಅಗುಳು ಹಚ್ಚಿ ಅಂಟಿಸಿದ್ದರಿಂದ ಒಂದು ಮೂಲೆ ಎದ್ದಿರುತ್ತದೆ. ನೀಲಿ ಹಿನ್ನೆಲೆ, ಬಿಗಿದ ತುಟಿ, ಎಣ್ಣೆ ಹಾಕಿ ಒತ್ತಿ ಬಾಚಿದ ತಲೆ, ಸ್ಟುಡಿಯೊದವರು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿಕೊಟ್ಟ ಮುಖ. ಎಷ್ಟೋ ಮಕ್ಕಳಿಗೆ ತಮ್ಮದೆಂದು ಇಟ್ಟುಕೊಳ್ಳಲು ಇರುವುದು ಆ ಒಂದೇ ಫೋಟೋ.

ಹಾಗಂತ ಆ ಮಕ್ಕಳ ಫೋಟೋ ಯಾರೂ ತೆಗೆದಿಲ್ಲ ಎಂದಲ್ಲ. ತೆಗೆದದ್ದು ಲೆಕ್ಕವಿಲ್ಲದಷ್ಟಿದೆ. ಮಗನ ಹುಟ್ಟುಹಬ್ಬಕ್ಕೆ ಊಟ ಹಾಕಿಸಲು ಬಂದ ಕುಟುಂಬದವರು ಎಲೆಯ ಮುಂದೆ ಕೂತ ಮಕ್ಕಳನ್ನು ಊಟಕ್ಕೆ ಕೈಹಾಕದಂತೆ ಕಾಯಿಸಿ ತೆಗೆಯುತ್ತಾರೆ. ಬ್ಯಾಗು ಕೊಡಲು ಬಂದ ಸಂಘದವರು ಬ್ಯಾನರು ಹಿಡಿದು ತೆಗೆಯುತ್ತಾರೆ. ಒಂದು ಬ್ಯಾಗಿಗೆ ನಾಲ್ಕು ಜನರ ಕೈ, ಮಧ್ಯದಲ್ಲೊಂದು ಪುಟ್ಟ ತಲೆ. ತಪಾಸಣೆಗೆ ಬಂದವರೂ ವರದಿಗೆಂದು ತೆಗೆಯುತ್ತಾರೆ. ಆ ಫೋಟೋಗಳೆಲ್ಲ ಸಂಜೆಯೊಳಗೆ ಗೇಟು ದಾಟಿ ಹೋಗಿರುತ್ತವೆ. ಮಗುವಿನ ಕೈಗೆ ಒಂದೂ ಬಂದಿರುವುದಿಲ್ಲ.

ಈ ಬರಹಕ್ಕೆ ಹೇಳಲಿರುವುದು ಇಷ್ಟೇ. ಪಾಲನಾ ಸಂಸ್ಥೆಯಲ್ಲಿ ಬೆಳೆಯುವ ಮಗುವಿನ ಫೋಟೋ ತೆಗೆಯುವುದಾದರೆ ಆ ಮಗುವಿಗಾಗಿ ತೆಗೆಯಬೇಕು, ಮೊದಲ ಪ್ರಿಂಟು ಅದರ ಕೈಗೇ ಹೋಗಬೇಕು. ಮನೆಯಲ್ಲಿ ಬೆಳೆದವರಿಗೆ ಬಾಲ್ಯದ ಆಲ್ಬಮ್ ತಾನಾಗಿ ಬಂದಿರುತ್ತದೆ. ಅಜ್ಜಿಯ ಗೋದ್ರೇಜ್ ಬೀರುವಿನಲ್ಲೋ ಚಿಕ್ಕಪ್ಪನ ಮೊಬೈಲಿನಲ್ಲೋ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. 18 ತುಂಬಿ ಸಂಸ್ಥೆಯಿಂದ ಹೊರಡುವ ಹುಡುಗಿಗೆ "ನಾನು ಚಿಕ್ಕವಳಿದ್ದಾಗ ಹೇಗಿದ್ದೆ?" ಅಂತ ಕೇಳಲು ಯಾರೂ ಇರುವುದಿಲ್ಲ. ಬೆಳೆಸಿದ ಆಂಟಿಗೆ ವರ್ಗವಾಗಿರುತ್ತದೆ, ಅಡುಗೆಯವರು ಬದಲಾಗಿರುತ್ತಾರೆ, ಕಟ್ಟಡಕ್ಕೇ ಬೇರೆ ಬಣ್ಣ ಬಂದಿರುತ್ತದೆ.

ಕಾನೂನಿನ ವಿಷಯದಲ್ಲಿ ಇರುವ ಒಂದು ಗೊಂದಲವನ್ನು ಇಲ್ಲೇ ಬಿಡಿಸಿಕೊಳ್ಳೋಣ. 2015ರ ಬಾಲನ್ಯಾಯ ಕಾಯ್ದೆ (2016ರ ಜನವರಿ 15ರಿಂದ ಜಾರಿಯಲ್ಲಿದೆ) ತನ್ನ 74ನೇ ಸೆಕ್ಷನ್ನಿನಲ್ಲಿ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹಿಡಿಯಲು ದಾರಿಯಾಗುವ ಯಾವುದೇ ವಿವರವನ್ನು ಪತ್ರಿಕೆಯಲ್ಲಾಗಲಿ ಟೀವಿಯಲ್ಲಾಗಲಿ ಇನ್ನಾವುದೇ ಸಂವಹನದ ರೂಪದಲ್ಲಾಗಲಿ ಬಯಲು ಮಾಡುವುದನ್ನು ನಿಷೇಧಿಸುತ್ತದೆ. ಮಗುವಿನ ಚಿತ್ರ ಪ್ರಕಟಿಸುವುದೂ ಈ ನಿಷೇಧದಲ್ಲಿ ಸೇರಿದೆ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಗುವಿನ ಹಿತಕ್ಕೆ ಅಗತ್ಯ ಎನಿಸಿದರೆ ಮಾತ್ರ, ಇಂಥ ಮಕ್ಕಳ ವಿಷಯದಲ್ಲಿ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿ ಕಾರಣವನ್ನು ಬರಹದಲ್ಲಿ ದಾಖಲಿಸಿ ಅನುಮತಿ ಕೊಡಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗೆ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಬೇರೆಯೇ ರಕ್ಷಣೆ ಕೊಡುತ್ತದೆ. ಇದನ್ನೆಲ್ಲ ಓದಿದ, ಸಂಸ್ಥೆ ನೋಡಿಕೊಳ್ಳುವ ಅಧೀಕ್ಷಕರು ಹಲವರು "ಫೋಟೋ ಸಹವಾಸವೇ ಬೇಡ" ಅಂದುಬಿಡುತ್ತಾರೆ. ಅವರ ಭಯ ಅರ್ಥವಾಗುವಂಥದ್ದೇ. ಆದರೆ ಇಲ್ಲಿ ತಡೆ ಇರುವುದು ಪ್ರಕಟಣೆಗೆ. ಮಗುವಿನ ಟ್ರಂಕಿನಲ್ಲಿ ಇರಬೇಕಾದ ಆಲ್ಬಮ್ಮಿಗೆ ಕಾಯ್ದೆ ಅಡ್ಡ ಬರುವುದಿಲ್ಲ. ಮಗುವಿನ ಖಾಸಗಿತನ ಕಾಯಬೇಕು ಎಂಬುದು ಅದೇ ಕಾಯ್ದೆಯ ಮೂಲತತ್ತ್ವಗಳಲ್ಲಿ ಒಂದು. ತನ್ನ ಮುಖ ತನ್ನ ಬಳಿಯೇ ಇರುವುದಕ್ಕಿಂತ ಖಾಸಗಿಯಾದದ್ದು ಇನ್ನೇನಿದೆ?

ಮಕ್ಕಳ ಫೋಟೋವನ್ನು ದಾನಕ್ಕೆ ಬಳಸುವುದು ಮೊಬೈಲ್ ಬಂದಮೇಲೆ ಶುರುವಾದದ್ದಲ್ಲ. ಲಂಡನ್ನಿನ ಈಸ್ಟ್ ಎಂಡಿನಲ್ಲಿ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಥಾಮಸ್ ಬರ್ನಾರ್ಡೊ 1874ರಿಂದಲೇ ತಮ್ಮಲ್ಲಿಗೆ ಬಂದ ಮಕ್ಕಳ ಫೋಟೋ ತೆಗೆಸುತ್ತಿದ್ದರು. ಹರಕು ಬಟ್ಟೆಯಲ್ಲೊಂದು, ಶುಭ್ರವಾಗಿ ಕೆಲಸ ಕಲಿಯುವಾಗಿನದೊಂದು, "ಮೊದಲು" ಮತ್ತು "ಆಮೇಲೆ" ಎಂದು ಜೋಡಿ ಮಾಡಿ ಕಾರ್ಡುಗಳಾಗಿ ಮಾರಿ ಹಣ ಕೂಡಿಸುತ್ತಿದ್ದರು. ಕೆಲವು ಜೋಡಿಗಳು ಬೇಕೆಂದೇ ಕಟ್ಟಿದ ದೃಶ್ಯಗಳು ಎಂಬ ದೂರು ಎದ್ದು, 1877ರಲ್ಲಿ ಮಧ್ಯಸ್ಥಗಾರರ ಮುಂದೆ ವಿಚಾರಣೆಯಾಯಿತು. ಬರ್ನಾರ್ಡೊ ಮೇಲಿದ್ದ ಉಳಿದ ಹೆಚ್ಚಿನ ಆರೋಪಗಳು ನಿಲ್ಲಲಿಲ್ಲ. ಆದರೆ ಫೋಟೋದಲ್ಲಿ ಇಂಥ ಕಲ್ಪನೆ ಬೆರೆಸಿದ್ದು ತಪ್ಪು ಎಂದು ಮಧ್ಯಸ್ಥಗಾರರು ಹೇಳಿದರು. ಆ ಜೋಡಿ ಕಾರ್ಡುಗಳು ನಿಂತವು, ದಾಖಲೆಗೆಂದು ಪ್ರತಿ ಮಗುವಿನ ಫೋಟೋ ತೆಗೆಯುವುದು ಮುಂದುವರಿಯಿತು. 1905ರ ಹೊತ್ತಿಗೆ ಅಂಥ ಫೋಟೋಗಳು 55,000ದಷ್ಟಾಗಿದ್ದವು. ಅವುಗಳನ್ನು ಇಂದು ಹುಡುಕಿಕೊಂಡು ಬರುವವರು ಆ ಮಕ್ಕಳ ಮೊಮ್ಮಕ್ಕಳು, ಮರಿಮಕ್ಕಳು. ತಮ್ಮ ಮುತ್ತಜ್ಜನ ಮುಖ ನೋಡಲು ಅವರಿಗೆ ಇರುವುದು ಅದೊಂದೇ ದಾರಿ. ನಮ್ಮಲ್ಲಿ ಹಂಚುವ ಕರಪತ್ರಗಳಲ್ಲಿ "ಮೊದಲು–ಆಮೇಲೆ" ಇನ್ನೂ ಜೀವಂತವಾಗಿದೆ, ಆದರೆ ಮಗು ಮುಂದೆಂದೋ ಹುಡುಕಿಕೊಂಡು ಬಂದರೆ ಸಿಗುವಂಥ, ಹೆಸರು ತಾರೀಖು ಇರುವ ಫೋಟೋ ಇಲ್ಲ. ಬಿಡಬೇಕಾದದ್ದನ್ನು ಹಿಡಿದುಕೊಂಡು, ಹಿಡಿಯಬೇಕಾದದ್ದನ್ನು ಬಿಟ್ಟಿದ್ದೇವೆ.

ಇನ್ನು ಕೆಲಸಕ್ಕೆ ಬರೋಣ. ಒಂದು ಸಂಸ್ಥೆಯ ಮಕ್ಕಳ ಫೋಟೋ ತೆಗೆಯಲು ಒಂದೇ ದಿನದ ದೊಡ್ಡ ಕಾರ್ಯಕ್ರಮ ಮಾಡಬೇಡಿ. ತಿಂಗಳಿಗೊಮ್ಮೆ, ಎರಡು ಗಂಟೆ, ಅದೇ ಇಬ್ಬರು, ಕನಿಷ್ಠ ಎರಡು ವರ್ಷ. ಇಷ್ಟು ಆಗದಿದ್ದರೆ ಸಂಸ್ಥೆಯ ಸಿಬ್ಬಂದಿಗೇ ಒಂದು ಕ್ಯಾಮೆರಾ ಕೊಟ್ಟು ಕಲಿಸುವುದು ಮೇಲು. ಬಂದು ಹೋಗುವವರನ್ನು ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. "ಮುಂದಿನ ವಾರ ಪ್ರಿಂಟ್ ತರ್ತೀನಿ" ಅನ್ನುವ ಮಾತನ್ನು ತರುವುದು ಖಚಿತವಿದ್ದರೆ ಮಾತ್ರ ಆಡಬೇಕು. ಹೇಳಿ ಬಾರದೆ ಹೋದವರ ಪಟ್ಟಿಗೆ ಇನ್ನೊಂದು ಹೆಸರು ಸೇರುವುದು ಬೇಡ.

ಒಳಗೆ ಕಾಲಿಡುವ ಮೊದಲು ಅಧೀಕ್ಷಕರ ಮೂಲಕ ಮಕ್ಕಳ ಕಲ್ಯಾಣ ಸಮಿತಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಒಂದು ಪತ್ರ ಹೋಗಲಿ. ಯಾಕೆ ತೆಗೆಯುತ್ತೀರಿ, ಯಾರು ತೆಗೆಯುತ್ತಾರೆ, ಯಾವ ಕ್ಯಾಮೆರಾ, ಫೈಲುಗಳು ಎಲ್ಲಿರುತ್ತವೆ, ಯಾರಿಗೆ ಪ್ರಿಂಟು, ಎಲ್ಲಿಯೂ ಪ್ರಕಟಿಸುವುದಿಲ್ಲ ಎಂಬ ಮಾತು, ಎಲ್ಲ ಒಂದೇ ಪುಟದಲ್ಲಿ ಇರಲಿ. ಫೋಟೋ ತೆಗೆಯುವವರು ಪೊಲೀಸ್ ಪರಿಶೀಲನೆಯ ಪತ್ರ ತಾವಾಗಿಯೇ ಮುಂದಿಡಲಿ. ಕೆಲಸದುದ್ದಕ್ಕೂ ಸಿಬ್ಬಂದಿಯ ಕಣ್ಣೆದುರಿಗೇ ಇರಲಿ, ಯಾವ ಮಗುವನ್ನೂ ಒಂಟಿಯಾಗಿ ಕರೆದೊಯ್ಯಬಾರದು. ಸ್ನಾನ, ಬಟ್ಟೆ ಬದಲಿಸುವ ಹೊತ್ತಿನಲ್ಲಿ ಮಲಗುವ ಹಾಲಿನ ಕಡೆ ಹೋಗುವಂತಿಲ್ಲ. ಸ್ವಂತ ಮೊಬೈಲು ಆಫೀಸಿನ ಟೇಬಲ್ ಮೇಲೆ. ಹೊರಡುವಾಗ ಮೆಮೊರಿ ಕಾರ್ಡು ಸಂಸ್ಥೆಯಲ್ಲೇ ಉಳಿಯಬೇಕು. ಇವುಗಳಲ್ಲಿ ಯಾವುದಕ್ಕಾದರೂ "ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಬೇಸರ ಮಾಡಿಕೊಳ್ಳುವವರನ್ನು ಒಳಗೆ ಬಿಡದಿರುವುದೇ ಒಳ್ಳೆಯದು.

ಎಲ್ಲಕ್ಕಿಂತ ಕಷ್ಟದ ಭಾಗ ಮಗುವಿನ ಒಪ್ಪಿಗೆ. "ಫೋಟೋ ತೆಗೀಲಾ ಪುಟ್ಟ?" ಅಂದರೆ ಈ ಮಕ್ಕಳು "ಹೂಂ ಸಾರ್" ಅನ್ನುತ್ತಾರೆ. ಊಟ, ನಿದ್ದೆ, ಆಟ ಎಲ್ಲವೂ ಗಂಟೆ ಹೊಡೆದಂತೆ ನಡೆಯುವ ಜಾಗದಲ್ಲಿ ದೊಡ್ಡವರಿಗೆ ಬೇಡ ಅನ್ನುವ ಅಭ್ಯಾಸವೇ ಇರುವುದಿಲ್ಲ. ಆದ್ದರಿಂದ ಹೂಂ–ಉಹೂಂ ಎಂದು ಉತ್ತರ ಬರುವ ಪ್ರಶ್ನೆ ಕೇಳಬಾರದು. "ಫೋಟೋದಲ್ಲಿ ನೀನಿರ್ತೀಯಾ, ಬರೀ ನಿನ್ನ ಹೊಸ ಚಪ್ಪಲಿ ಇದ್ರೆ ಸಾಕಾ, ಇಲ್ಲ ನೀನೇ ಕ್ಯಾಮೆರಾ ಹಿಡ್ಕೊಂಡು ನನ್ನ ಫೋಟೋ ತೆಗೀತೀಯಾ?" ಎಂದು ಕೇಳಿ. ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ಮಾತು ಮೀರಿದಂತಾಗುವುದಿಲ್ಲ. ಬೇಡ ಎನ್ನುವುದು ಬಾಯಿಗಿಂತ ಮೊದಲು ಮೈಯಲ್ಲಿ ಬರುತ್ತದೆ: ದುಪಟ್ಟಾದ ತುದಿ ಬಾಯಿಗೆ ಹೋಗುತ್ತದೆ, ಭುಜ ಕಿವಿಯ ಕಡೆ ಏರುತ್ತದೆ, ತುಟಿ ನಗುತ್ತಿದ್ದರೂ ಕಣ್ಣು ನಗುವುದಿಲ್ಲ. ಅದು ಕಂಡ ಕೂಡಲೇ ಕ್ಯಾಮೆರಾ ಕೆಳಗಿಳಿಸಬೇಕು. ತೆಗೆದದ್ದನ್ನು ಮಗುವಿಗೆ ಸ್ಕ್ರೀನಿನಲ್ಲಿ ತೋರಿಸಿ, ಅಳಿಸುವ ಬಟನ್ ಯಾವುದೆಂದು ಹೇಳಿಕೊಡಿ. ಒಂದೆರಡು ಒಳ್ಳೆಯ ಫೋಟೋ ಹೋಗುತ್ತವೆ, ಹೋಗಲಿ. ಅಳಿಸಬಹುದು ಎಂದು ಗೊತ್ತಾದ ಮಗು ಮುಂದಿನ ಸಲ ತಾನಾಗಿ ಬಂದು ನಿಲ್ಲುತ್ತದೆ.

ಕ್ಯಾಮೆರಾ ಕಂಡರೇ ಬೆವರುವ ಮಕ್ಕಳೂ ಇರುತ್ತಾರೆ. ಅವರ ಮೇಲೆ ನಡೆದದ್ದರಲ್ಲಿ ಕ್ಯಾಮೆರಾವೂ ಸೇರಿದ್ದಿರಬಹುದು. ಅದಕ್ಕೆ ಪ್ರತಿ ಸಲವೂ ಆಪ್ತ ಸಮಾಲೋಚಕರನ್ನು ಮೊದಲೇ "ಇವತ್ತು ಯಾರ ಕಡೆ ಕ್ಯಾಮೆರಾ ತಿರುಗಿಸಬಾರದು?" ಎಂದಷ್ಟೇ ಕೇಳಿ. ಯಾಕೆ ಎಂದು ಕೇಳಬೇಡಿ, ಅದು ನಿಮಗೆ ಬೇಕಾದ ವಿಷಯವಲ್ಲ. ಹಾಗೆಯೇ ಮಗುವನ್ನು ಮಾತಿಗೆಳೆಯಲು "ಅಪ್ಪ ಅಮ್ಮ ಎಲ್ಲಿದ್ದಾರೆ?" ಎಂದು ಶುರು ಮಾಡುವುದು ದೊಡ್ಡ ತಪ್ಪು. ಇಲ್ಲಿರುವವರೆಲ್ಲ ಅನಾಥರಲ್ಲ. ತಾಯಿ ಇದ್ದೂ ಸಾಕಲಾಗದೆ ಬಿಟ್ಟವರು, ಬಾಲ್ಯವಿವಾಹದಿಂದ ಬಿಡಿಸಿ ತಂದವರು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು ಎಲ್ಲ ಇರುತ್ತಾರೆ. ಹಲ್ಲು, ಜಡೆ, ಕಬಡ್ಡಿ, ಕಾಂಪೌಂಡಿನ ನಾಯಿ, ಇವುಗಳ ಬಗ್ಗೆ ಮಾತಾಡಿ. ಅದೇ ಬೇಕಾದಷ್ಟಾಗುತ್ತದೆ.

ಹೊತ್ತು ಆರಿಸಿಕೊಳ್ಳುವುದರಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತು, ಸೂರು ಮುಂಚಾಚಿದ ಜಗಲಿ, ಇದಕ್ಕಿಂತ ಒಳ್ಳೆಯ ಸ್ಟುಡಿಯೊ ಬೇಕಿಲ್ಲ. ತಲೆಸ್ನಾನ ಮುಗಿಸಿದ ಹುಡುಗಿಯರು ಮೆಟ್ಟಿಲ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತು ತಲೆ ಬಾಚಿಕೊಳ್ಳುತ್ತಿರುತ್ತಾರೆ. ಎಲ್ಲರ ಹಿಂದೆ ದೊಡ್ಡವಳು, ಎಲ್ಲರ ಮುಂದೆ ಪುಟ್ಟಿ. ಪುಟ್ಟಿಗೆ ಬಾಚಲು ಯಾರ ತಲೆಯೂ ಇರುವುದಿಲ್ಲ, ಅವಳ ಕೈಯಲ್ಲಿ ರಿಬ್ಬನ್ನು ಹಿಡಿಯುವ ಕೆಲಸ. ಆ ಸಾಲನ್ನು ಪಕ್ಕದಿಂದ, ಮೆಟ್ಟಿಲ ಮಟ್ಟದಲ್ಲೇ ಕೂತು ತೆಗೆದರೆ ಯಾರು ಯಾರಿಗೆ ಅಕ್ಕನಾಗಿದ್ದಳು ಎಂಬುದು ಒಂದೇ ಫೋಟೋದಲ್ಲಿ ಉಳಿಯುತ್ತದೆ. ಸಂಜೆಯಾದರೆ ನಾಲ್ಕೂವರೆಯಿಂದ ಆರು, ಆಟದ ಹೊತ್ತು. ಮನೆಯವರು ನೋಡಲು ಬರುವ ದಿನ ಬೇಡ; ಯಾರೂ ಬಾರದ ಮಗು ಅವತ್ತು ಒಳಗೊಳಗೇ ಕುದಿಯುತ್ತಿರುತ್ತದೆ. ಹೊಸದಾಗಿ ಬಂದ ಮಗುವಿಗೆ ಎರಡು ವಾರ ಬಿಡುವು ಕೊಡಿ. ದಾಖಲಾತಿಗೆ ಬೇಕೆಂದು ಬಂದ ದಿನವೇ ತೆಗೆದ ಫೋಟೋ ಫೈಲಿನಲ್ಲಿರುತ್ತದೆ. ದಣಿದ, ಹೆದರಿದ, ಅತ್ತ ಮುಖ. ಅದೇ ಮುಂದೆ ವರ್ಷಗಟ್ಟಲೆ ಎಲ್ಲ ಕಾಗದಗಳಿಗೂ ಹೋಗುತ್ತದೆ. ಎರಡು ವಾರ ಉಂಡು ಮಲಗಿದ ಮೇಲೆ ಇನ್ನೊಂದು ತೆಗೆದು, ಗುರುತಿನ ಚೀಟಿಗೆ ಅದನ್ನು ಹಾಕಿಸಿದರೆ ಮಗುವಿಗೆ ಅಷ್ಟರ ಮಟ್ಟಿಗೆ ಉಪಕಾರ.

ಕ್ಯಾಮೆರಾ ದೊಡ್ಡದಿರಬೇಕಿಲ್ಲ. 35 ಅಥವಾ 50 ಮಿಲಿಮೀಟರಿನ ಒಂದು ಲೆನ್ಸು ಸಾಕು. ದೂರದಿಂದ ಕದ್ದು ತೆಗೆಯುವ ಜೂಮ್ ಲೆನ್ಸನ್ನು ಇಲ್ಲಿ ಬಳಸದಿರುವುದೇ ಮರ್ಯಾದೆ. ಮೊಣಕಾಲೂರಿ ಮಗುವಿನ ಕಣ್ಣಿನ ಎತ್ತರಕ್ಕೆ ಬನ್ನಿ. ನಿಂತು ಕೆಳಮುಖವಾಗಿ ತೆಗೆದರೆ ಎಂಥ ಗಟ್ಟಿ ಮಗುವೂ ಕರುಣೆ ಬೇಡುವಂತೆ ಕಾಣುತ್ತದೆ, ದಾನದ ಫೋಟೋಗಳೆಲ್ಲ ಹಾಗಿರುವುದು ಇದೇ ಕಾರಣಕ್ಕೆ. ಜಗಲಿಯಲ್ಲಿ ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 4ರಿಂದ 5.6, ಓಡಾಡುವ ಮಕ್ಕಳಿಗೆ ಸೆಕೆಂಡಿನ 250ನೇ ಒಂದು ಭಾಗದ ಶಟರ್, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒವನ್ನು ಆಟೋದಲ್ಲಿ 3200ರವರೆಗೆ ಬಿಡಿ. ಬಿಳಿ ಸುಣ್ಣದ ಗೋಡೆ ಹಿಂದಿದ್ದರೆ ಕ್ಯಾಮೆರಾ ಆ ಬಿಳುಪಿಗೆ ಮೋಸಹೋಗಿ ಕಪ್ಪು ಮೈಬಣ್ಣದ ಮಗುವಿನ ಮುಖವನ್ನು ಕತ್ತಲೆ ಮಾಡುತ್ತದೆ. ಎಕ್ಸ್‌ಪೋಷರನ್ನು (ಫೋಟೋದ ಬೆಳಕಿನ ಮಟ್ಟವನ್ನು) ಮುಕ್ಕಾಲು ಸ್ಟಾಪಿನಷ್ಟು ಏರಿಸಿ, ಇಲ್ಲವೇ ಗೋಡೆಯಿಂದ ಈಚೆಗೆ ಕರೆದು ಗಿಡಮರದ ಹಸಿರನ್ನು ಹಿಂದೆ ಮಾಡಿ. ಆಮೇಲೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುವುದು ಇದಕ್ಕೆ ಪರಿಹಾರವಲ್ಲ.

ಮೊಬೈಲಿನಲ್ಲಿ ತೆಗೆಯಲೇಬೇಕಾದರೆ ಅದು ಸಂಸ್ಥೆಯ ಮೊಬೈಲಾಗಿರಲಿ. ಬ್ಯೂಟಿ ಮೋಡ್ ಆಫ್ ಮಾಡಿ. ಅದು ಮೈಬಣ್ಣ ತಿಳಿಯಾಗಿಸಿ, ಹುಬ್ಬಿನ ಮೇಲಿನ ಕಲೆ ಅಳಿಸಿ, ಬೇರೆ ಯಾವುದೋ ಮಗುವನ್ನು ತಂದಿಡುತ್ತದೆ. ಪೋರ್ಟ್ರೇಟ್ ಮೋಡ್ ಕೆದರಿದ ಕೂದಲನ್ನೂ ಜಡೆಯ ತುದಿಯನ್ನೂ ಕತ್ತರಿಸಿ ಮಸುಕು ಮಾಡುತ್ತದೆ. ಮಾಮೂಲಿ ವೈಡ್ ಲೆನ್ಸಿನಲ್ಲಿ ಹತ್ತಿರ ಹೋದರೆ ಮೂಗು ಉಬ್ಬುತ್ತದೆ. ನಾಲ್ಕೈದು ಅಡಿ ದೂರ ನಿಂತು 2ಎಕ್ಸ್‌ನಲ್ಲಿ ತೆಗೆಯಿರಿ.

ಫ್ಲ್ಯಾಶ್ ಬೇಡ. ಒಳಗೆ ಟ್ಯೂಬ್‌ಲೈಟಿನಲ್ಲಿ ತೆಗೆಯುವಾಗ ಒಂದು ತೊಂದರೆ ಎದುರಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಚೋಕ್ ಇರುವ ಹಳೆ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಅದಕ್ಕಿಂತ ವೇಗವಾದರೆ ಒಂದು ಫೋಟೋ ಬೆಳಕಾಗಿ, ಮುಂದಿನದು ಹಳದಿ–ಹಸಿರಾಗಿ ಬರುತ್ತದೆ. ಮಕ್ಕಳಿಗೆ ಸದ್ದು ಬೇಡವೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡರಂತೂ ಫೋಟೋ ತುಂಬ ಅಡ್ಡಡ್ಡ ಕಪ್ಪು ಪಟ್ಟಿಗಳು. ಮೆಕ್ಯಾನಿಕಲ್ ಶಟರನ್ನೇ ಇಟ್ಟು 1/100 ಅಥವಾ 1/50ರಲ್ಲಿ ತೆಗೆದರೆ ಎರಡೂ ತೊಂದರೆ ತಪ್ಪುತ್ತದೆ. ಅಷ್ಟು ನಿಧಾನದಲ್ಲಿ ಓಡುವ ಮಗು ಅಲುಗಾಡಿದಂತೆ ಬರುತ್ತದೆ, ಆದ್ದರಿಂದ ಒಳಗೆ ಓದುವ, ಕೇರಂ ಆಡುವ, ಊಟಕ್ಕೆ ಕೂತ ಹೊತ್ತನ್ನು ಆರಿಸಿಕೊಳ್ಳಿ.

ಏನನ್ನು ತೆಗೆಯಬೇಕು? ನಗುಮುಖಗಳನ್ನಷ್ಟೇ ಅಲ್ಲ. ಮೂವತ್ತನೇ ವಯಸ್ಸಿನಲ್ಲಿ ಹುಡುಕುವುದು ಬೇರೆಯದನ್ನೇ. ನಾನು ಮಲಗುತ್ತಿದ್ದ ಮಂಚ ಯಾವುದು, ಕಿಟಕಿಯಿಂದ ಏನು ಕಾಣುತ್ತಿತ್ತು, ನನ್ನ ಟ್ರಂಕು, ನನ್ನ ತಟ್ಟೆಯ ಅಂಚಿನಲ್ಲಿ ಮೊಳೆಯಿಂದ ಕೊರೆದಿದ್ದ ಅಕ್ಷರ, ಮುಂದಿನ ಹಲ್ಲು ಬಿದ್ದ ವಾರ, ಹೇನಿಗೆಂದು ತಲೆ ಬೋಳಿಸಿದ ಬೇಸಿಗೆ (ಇದನ್ನು ಮಗು ಒಪ್ಪಿದರೆ ಮಾತ್ರ), ಮೊದಲ ಸೈಕಲ್, ನನ್ನ ಪಕ್ಕದ ಮಂಚದ ಗೆಳತಿ. ಬೆಳೆಸಿದವರ ಜೊತೆಗಿನ ಫೋಟೋ ತೀರಾ ಮುಖ್ಯ: ಜ್ವರ ಬಂದಾಗ ರಾತ್ರಿ ಎದ್ದು ಕೂತ ಆಂಟಿ, ಸಾರಿನಲ್ಲಿ ಬೇಳೆ ಹುಡುಕಿ ಬಡಿಸುವ ಅಡುಗೆ ಅಜ್ಜಿ, ಗೇಟಿನ ಅಣ್ಣ. ಇವರೆಲ್ಲ ಯಾವ ಕಡತದಲ್ಲೂ ಉಳಿಯುವುದಿಲ್ಲ.

ಇಲ್ಲೊಂದು ಅನ್ಯಾಯ ಗೊತ್ತಿಲ್ಲದೇ ನಡೆಯುತ್ತದೆ. ಕ್ಯಾಮೆರಾಗೆ ಮುಂದೆ ಬರುವ, ಗುಳಿಕೆನ್ನೆಯ ನಾಲ್ಕು ಮಕ್ಕಳ ಫೋಟೋ ನೂರಾಗುತ್ತದೆ. ಕಂಬದ ಹಿಂದೆ ನಿಲ್ಲುವ ಹುಡುಗನದು ವರ್ಷಕ್ಕೆ ಮೂರು, ಅದರಲ್ಲಿ ಎರಡು ಗುಂಪಿನಲ್ಲಿ. ಅದಕ್ಕೆ ಒಂದು ರಿಜಿಸ್ಟರ್ ಬೇಕು. ಎಡಕ್ಕೆ ಮಕ್ಕಳ ನಂಬರು, ಮೇಲೆ ಹನ್ನೆರಡು ತಿಂಗಳು, ಒಂದು ಒಳ್ಳೆಯ ಫೋಟೋ ಸಿಕ್ಕಿದ ಚೌಕಕ್ಕೆ ಒಂದು ಟಿಕ್. ಪ್ರತಿ ಸಲ ಹೋಗುವ ಮೊದಲು ಖಾಲಿ ಚೌಕಗಳನ್ನು ನೋಡಿಕೊಂಡು ಹೋಗಿ. ಒಂದು ಮಗುವಿಗೆ ವರ್ಷಕ್ಕೆ ಹನ್ನೆರಡು ಪ್ರಿಂಟು ಸಾಕು. ನಲವತ್ತು ಮಕ್ಕಳಿಗೆ 480 ಆಗುತ್ತದೆ. ಒಂದು ಪ್ರಿಂಟಿಗೆ 10 ರೂಪಾಯಿ ಎಂದಿಟ್ಟುಕೊಂಡರೂ 4,800 ರೂಪಾಯಿ. ಒಂದು ಹುಟ್ಟುಹಬ್ಬದ ಊಟಕ್ಕೆ ಆಗುವಷ್ಟು ಹಣ. ಏನಾದರೂ ಕೊಡಬೇಕು ಎಂದು ಬರುವವರಿಗೆ ಇದನ್ನೇ ಕೇಳಬಹುದು.

ದಾನಿಗಳಿಗೆ ವರದಿ ಕಳಿಸಬೇಕಲ್ಲ, ಅದಕ್ಕೆ ಏನು ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕುವುದು ಅತಿ ಕೆಟ್ಟ ಉಪಾಯ. ಮಗು ಅಪರಾಧಿಯಂತೆ ಕಾಣುತ್ತದೆ, ಗುರುತಿನವರಿಗೆ ಗುರುತೂ ಸಿಗುತ್ತದೆ. ಮುಖ ಮಸುಕು ಮಾಡಿದರೂ ಫ್ರಾಕು, ಯೂನಿಫಾರ್ಮಿನ ಬ್ಯಾಡ್ಜು, ಹಿಂದಿನ ಬೋರ್ಡು, ಕಾಂಪೌಂಡಿನಾಚೆಯ ಗೋಪುರ ಊರು ಹೇಳಿಬಿಡುತ್ತವೆ. ಒಬ್ಬ ಹುಡುಗಿಯನ್ನು ಹುಡುಕುತ್ತಿರುವ, ಅವಳು ಯಾರ ಕೈಗೆ ಸಿಗಬಾರದೋ ಆ ವ್ಯಕ್ತಿಗೆ ಅಷ್ಟು ಸಾಕು. ಹೊರಗೆ ಹೋಗುವುದಾದರೆ ಮಕ್ಕಳೇ ಇಲ್ಲದ ಫೋಟೋ ಹೋಗಲಿ. ಸಾಲಾಗಿ ಬಿಟ್ಟ ಚಪ್ಪಲಿ, ತೊಳೆದು ಬೋರಲು ಹಾಕಿದ ತಟ್ಟೆಗಳು, ಸಂಕ್ರಾಂತಿಯ ರಂಗೋಲಿ, ದುರಸ್ತಿಯಾದ ಚಾವಣಿ. ಹಣ ಎಲ್ಲಿ ಹೋಯಿತೆಂದು ಇವೇ ಚೆನ್ನಾಗಿ ಹೇಳುತ್ತವೆ. ಸಪ್ಪೆ ಬೆಳಕಿನಲ್ಲಿ ಕಿಟಕಿ ಹಿಡಿದು ನಿಂತ ಮಗುವಿನ ಬೆನ್ನು ಮಾತ್ರ ಬೇಡ. ಗುರುತು ಸಿಗದಿದ್ದರೂ ಅದು ಸುಳ್ಳು. ಆ ಮಗು ಕಿಟಕಿಯಲ್ಲಿ ನೋಡುತ್ತಿದ್ದದ್ದು ಕೆಳಗೆ ನಡೆಯುತ್ತಿದ್ದ ಲಗೋರಿಯನ್ನಿರಬಹುದು.

ಒಂದು ಸಂದರ್ಭದಲ್ಲಿ ಮಾತ್ರ ಮಗುವಿನ ಫೋಟೋ ಹೊರಗೆ ಕೊಡಬಾರದು ಎಂಬ ಈ ಕಟ್ಟು ನಿಜಕ್ಕೂ ಮನಸ್ಸಿಗೆ ತಾಗುತ್ತದೆ. ಬಾಲಮಂದಿರದ ಹುಡುಗಿ ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ತೆಗೆದಾಗ ಪತ್ರಿಕೆಯವರು ಬರುತ್ತಾರೆ, ಅವಳಿಗೂ ಪೇಪರಿನಲ್ಲಿ ಬರಬೇಕೆಂಬ ಆಸೆ ಇರುತ್ತದೆ. ಆ ಆಸೆ ನ್ಯಾಯವಾದದ್ದು. ಶಾಲೆಯ ಉಳಿದ ಮಕ್ಕಳ ಜೊತೆ ಅವಳ ಫೋಟೋವೂ ಬರುವುದು, ಬಾಲಮಂದಿರದ ಮಾತೇ ಅಲ್ಲಿ ಇಲ್ಲದಿರುವುದು, ಇಂಥ ದಾರಿ ಇದೆಯೇ ಎಂದು ಸಮಿತಿಯನ್ನು ಬರಹದಲ್ಲಿ ಕೇಳಿ. ಅನುಮತಿ ಬರುವವರೆಗೆ ಫೋಟೋ ಕೊಡಬೇಡಿ. "ಅನಾಥೆಯ ಸಾಧನೆ" ಎಂಬ ತಲೆಬರಹ ಇಪ್ಪತ್ತು ವರ್ಷದ ನಂತರವೂ ಗೂಗಲ್‌ನಲ್ಲಿ ಅವಳ ಹೆಸರಿನ ಪಕ್ಕದಲ್ಲೇ ಕೂತಿರುತ್ತದೆ. ಹದಿನೈದರ ಹುಡುಗಿಗೆ ಅದು ಹೊಳೆಯುವುದಿಲ್ಲ, ದೊಡ್ಡವರಿಗೆ ಹೊಳೆಯಬೇಕು.

ಫೈಲುಗಳ ವಿಷಯದಲ್ಲಿ ಎಡವುವುದು ಮೊಬೈಲಿನಿಂದ. ಸಿಬ್ಬಂದಿಯ ಫೋನಿನಲ್ಲಿ ತೆಗೆದದ್ದು, ಬ್ಯಾಕಪ್ ಆನ್ ಇದ್ದರೆ, ತಾನಾಗಿ ಗೂಗಲ್ ಫೋಟೋಸ್‌ಗೆ ಏರುತ್ತದೆ, ಅಲ್ಲಿ ಮುಖಗಳ ಪ್ರಕಾರ ಗುಂಪಾಗುತ್ತದೆ. ವಾಟ್ಸಾಪ್ ಗುಂಪಿಗೆ ಹಾಕಿದರೆ ಹತ್ತು ಜನರ ಗ್ಯಾಲರಿಯಲ್ಲಿ ಕೂರುತ್ತದೆ. ಅಳಿಸಿದೆವು ಅಂದುಕೊಂಡರೂ ಬ್ಯಾಕಪ್ ಆದದ್ದು ಗೂಗಲ್ ಫೋಟೋಸ್‌ನ ಬಿನ್‌ನಲ್ಲಿ 60 ದಿನ ಇರುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೋ ಕುಗ್ಗಿ ದೊಡ್ಡ ಪ್ರಿಂಟಿಗೆ ಬಾರದಂತಾಗುತ್ತದೆ. ಡಾಕ್ಯುಮೆಂಟಾಗಿ ಕಳಿಸಿದರೆ ಕುಗ್ಗುವುದಿಲ್ಲ, ಆದರೆ ಲೊಕೇಶನ್ ಆನ್ ಇದ್ದಿದ್ದರೆ ಜಿಪಿಎಸ್ ವಿಳಾಸವೂ ಒಳಗೇ ಕೂತು ಹೋಗುತ್ತದೆ. ಸರಿಯಾದ ಕ್ರಮ ಸರಳ: ಲೊಕೇಶನ್ ಆಫ್ ಇರುವ ಕ್ಯಾಮೆರಾ, ಸಂಸ್ಥೆಯ ಕಂಪ್ಯೂಟರು, ಪಾಸ್‌ವರ್ಡ್ ಇರುವ ಎರಡು ಹಾರ್ಡ್ ಡಿಸ್ಕು, ಒಂದು ಆಫೀಸಿನ ಬೀರುವಿನಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ಫೋಲ್ಡರಿಗೆ ಮಗುವಿನ ಹೆಸರು ಬೇಡ, ನಂಬರು ಮತ್ತು ವರ್ಷ ಸಾಕು. ಯಾವ ನಂಬರು ಯಾರೆಂಬುದು ಬೀಗ ಹಾಕಿದ ರಿಜಿಸ್ಟರಿನಲ್ಲಿ ಮಾತ್ರ.

ಪ್ರಿಂಟು ಹಾಕಿಸುವುದನ್ನು ಮೂರು ತಿಂಗಳಿಗೊಮ್ಮೆ ಮಾಡಿ. ನಾಲ್ಕು–ಆರು ಇಂಚಿನ ಪ್ರಿಂಟಿಗೆ 1200–1800 ಪಿಕ್ಸೆಲ್ ಇದ್ದರೆ ಚೊಕ್ಕವಾಗಿ ಬರುತ್ತದೆ. ಇಂಕ್‌ಜೆಟ್ ಪ್ರಿಂಟಿನ ಮೇಲೆ ಒದ್ದೆ ಕೈ ತಗುಲಿದರೆ ಬಣ್ಣ ಹರಡಬಹುದು. ಲ್ಯಾಬಿನ ಫೋಟೋ ಪೇಪರಿನಲ್ಲೇ ಹಾಕಿಸಿ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಮಳೆಗಾಲಕ್ಕೆ ಗ್ಲಾಸಿ ಪ್ರಿಂಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮ್ಯಾಟ್ ಆರಿಸಿಕೊಳ್ಳಿ. ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಮ್ ಬೇಡ. ಕೆಲವೇ ವರ್ಷಕ್ಕೆ ಅಂಟು ಹಳದಿಯಾಗಿ ಫೋಟೋ ಕೀಳಲು ಬಾರದಂತೆ ಕಚ್ಚಿಕೊಳ್ಳುತ್ತದೆ. ಜೇಬಿನಂಥ ಪಾಕೀಟುಗಳಿರುವ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಆಲ್ಬಮ್ ಒಳ್ಳೆಯದು. ಮಗು ತೆಗೆದು ಗೆಳೆಯರಿಗೆ ತೋರಿಸಿ ಮತ್ತೆ ಸೇರಿಸಬಹುದು. ಫೋಟೋ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂಭಾಗದಲ್ಲಿ ಗೆರೆ ಉಬ್ಬುತ್ತದೆ, ಪೆನ್ಸಿಲ್ ಆ ಪೇಪರಿಗೆ ಹಿಡಿಯುವುದಿಲ್ಲ. ತೆಳು ಚೀಟಿಯಲ್ಲಿ ಬರೆದು ಪಾಕೀಟಿನಲ್ಲಿ ಫೋಟೋ ಹಿಂದೆ ಸೇರಿಸಿ.

ಚೀಟಿಯಲ್ಲಿ ಏನು ಬರೆಯಬೇಕು? "2024 ಆಗಸ್ಟ್, ಭಾನುವಾರ. ಹಿಂದಿನ ಜಗಲಿ. ಮೇಲಿನ ಎರಡು ಹಲ್ಲು ಬಿದ್ದ ವಾರ. ಪಕ್ಕದಲ್ಲಿ ಅಡುಗೆ ಅಜ್ಜಿ. ಅವತ್ತು ಚಿತ್ರಾನ್ನ." ಇಷ್ಟು ಸಾಕು. ಯಾಕೆ ಬಂದಳು, ಎಲ್ಲಿ ಸಿಕ್ಕಳು ಎಂಬುದು ಬೇಡ, ಆಲ್ಬಮ್ಮನ್ನು ಪಕ್ಕದ ಮಂಚದವರೂ ನೋಡುತ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳ ದಾಖಲೆಯಲ್ಲಿ ಜನವರಿ 1 ಅಥವಾ ಜೂನ್ 1 ಎಂದು ಇರುವುದುಂಟು. ಅಂಥವರಿಗೆ ಖಚಿತ ತಾರೀಖುಗಳು ಈ ಚೀಟಿಗಳಲ್ಲಿ ಮಾತ್ರ ಸಿಗುತ್ತವೆ. ಬರೆಯಲು ಬರುವ ಮಗುವಾದರೆ ತಾನೇ ಬರೆಯಲಿ, ಕಾಗುಣಿತ ತಿದ್ದಬೇಡಿ.

ಗುಂಪು ಫೋಟೋ ಕಡಿಮೆ ಇರಲಿ, ಇಬ್ಬರು ಮೂವರದು ಹೆಚ್ಚಿರಲಿ. ದೊಡ್ಡವನಾದ ಮೇಲೆ ಹುಡುಗ ತನ್ನ ಬಾಲ್ಯದ ಫೋಟೋವನ್ನು ಇನ್‌ಸ್ಟಾಗ್ರಾಮಿಗೆ ಹಾಕಿಕೊಂಡರೆ ಅದು ಅವನ ಹಕ್ಕು. ಹಿಂದಿನ ಸಾಲಿನ ಇಪ್ಪತ್ತು ಜನ ಅದಕ್ಕೆ ಒಪ್ಪಿರುವುದಿಲ್ಲ. ಇದನ್ನು ದೊಡ್ಡ ಮಕ್ಕಳಿಗೆ ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ, ನಮಗಿಂತ ಚೆನ್ನಾಗಿಯೇ ಅರ್ಥವಾಗುತ್ತದೆ.

ಆಲ್ಬಮ್ ಕಳೆದುಹೋಗುವುದು ಮಗು ಜಾಗ ಬದಲಿಸುವಾಗ. ಆರು ತುಂಬಿದಾಗ ಶಿಶುಮಂದಿರದಿಂದ ಬಾಲಮಂದಿರಕ್ಕೆ, ಊರಿನವರು ಸಿಕ್ಕಿದರೆ ಬೇರೆ ಜಿಲ್ಲೆಗೆ, ಫೈಲು ಹೋಗುತ್ತದೆ, ಫೋಟೋ ಹಳೆಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಹಸ್ತಾಂತರದ ಪಟ್ಟಿಯಲ್ಲಿ ಬಟ್ಟೆ, ಪುಸ್ತಕದ ಕೆಳಗೆ "ಆಲ್ಬಮ್ – 1" ಎಂಬ ಸಾಲನ್ನು ಕಾಯಂ ಮಾಡಿ. ಅಣ್ಣ ಬಾಲಕರ ಬಾಲಮಂದಿರದಲ್ಲಿ, ತಂಗಿ ಬಾಲಕಿಯರದರಲ್ಲಿ ಇರುವುದು ಸಾಮಾನ್ಯ. ಅವರಿಬ್ಬರನ್ನು ಭೇಟಿ ಮಾಡಿಸುವ ದಿನ ಜೊತೆಗೆ ಕೂರಿಸಿ ತೆಗೆದು ಎರಡು ಪ್ರತಿ ಹಾಕಿಸಿ. ಆ ಒಂದು ಪ್ರಿಂಟು ತಲೆದಿಂಬಿನ ಕೆಳಗೆ ಹೋಗಿ ಸುಕ್ಕಾಗುತ್ತದೆ, ಮೂರನೆಯ ಪ್ರತಿಯನ್ನು ಮೊದಲೇ ತೆಗೆದಿಟ್ಟಿರಿ.

ಶಿಶುಗಳಿಗಂತೂ ವಾರಕ್ಕೊಂದು ಬೇಕು, ಅವರ ಮುಖ ಅಷ್ಟು ಬೇಗ ಬದಲಾಗುತ್ತದೆ. ಮಗುವಿನ ಜೊತೆ ಸಿಕ್ಕ ಬಟ್ಟೆ, ಕೈಗೆ ಕಟ್ಟಿದ್ದ ಕಪ್ಪು ದಾರ, ತೊಟ್ಟಿಲಿನ ಚೀಟಿ, ಮೊದಲ ಹೆಸರಿಟ್ಟ ದಾದಿಯ ಕೈ, ಎಲ್ಲವನ್ನೂ ಬಿಳಿ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ದತ್ತು ಹೋಗುವ ಮಗುವಿನ ಜೊತೆ ಈ ಆಲ್ಬಮ್ ಹೋಗಬೇಕು. ದತ್ತು ಪಡೆದವರ ಬಳಿ ಮಗುವಿನ ಮೊದಲ ತಿಂಗಳುಗಳ ಒಂದೂ ಫೋಟೋ ಇಲ್ಲದಿರುವುದು ಆ ಮನೆಯಲ್ಲಿ ಮುಂದೆ ಎಂದೋ ಒಂದು ದಿನ ದೊಡ್ಡ ಮೌನವಾಗುತ್ತದೆ.

18 ತುಂಬಿದವರಿಗೆ ಅಗತ್ಯವಿದ್ದರೆ 21ರವರೆಗೆ ಅನುಪಾಲನೆಯ (ಸಂಸ್ಥೆ ಬಿಟ್ಟ ಮೇಲಿನ) ನೆರವು ಸಿಗಬಹುದು, ಆದರೆ ಬಾಲಮಂದಿರದ ಮಂಚ ಅಂದಿಗೆ ಬೇರೆಯವರದಾಗುತ್ತದೆ. ಹೊರಡುವುದು ಯಾವಾಗಲೂ ಮೊದಲೇ ಗೊತ್ತಿರುವುದಿಲ್ಲ. ಬೆಳಿಗ್ಗೆ ಸಮಿತಿಯ ಆದೇಶ, ಸಂಜೆಯ ಬಸ್ಸಿಗೆ ಸೋದರಮಾವನ ಜೊತೆ ಊರಿಗೆ. ಮೂರು ತಿಂಗಳಿಗೊಮ್ಮೆ ಪ್ರಿಂಟು ಹಾಕಿಸಿಡಿ ಎಂದದ್ದು ಇದಕ್ಕೇ. ಆಲ್ಬಮ್ ಬಿಟ್ಟು ಹೋದವರಿಗೆ ಅಂಚೆಯಲ್ಲಿ ಕಳಿಸುವ ಮೊದಲು ಕೇಳಿಕೊಳ್ಳಿ. ಬಾಲಮಂದಿರದಲ್ಲಿದ್ದೆ ಎಂದು ಮದುವೆಯಾದ ಮನೆಯಲ್ಲಿ ಹೇಳಿರದ ಹೆಣ್ಣುಮಗಳಿಗೆ ಆ ಲಕೋಟೆ ತೊಂದರೆ ತರಬಹುದು. ಯಾರೂ ಕೇಳದ ಆಲ್ಬಮ್ಮುಗಳನ್ನು ಕಡತ ವಿಲೇವಾರಿಯ ರಾಶಿಗೆ ಸೇರಿಸದೆ, ಬೇವಿನ ಎಲೆ ಹಾಕಿದ ಟ್ರಂಕಿನಲ್ಲಿ ಬಂದ ವರ್ಷದ ಪ್ರಕಾರ ಜೋಡಿಸಿಡಿ. ನಲವತ್ತರ ವಯಸ್ಸಿನ ಒಬ್ಬರು ಮಗನ ಕೈ ಹಿಡಿದುಕೊಂಡು ಗೇಟಿನಲ್ಲಿ ನಿಂತು ಕೇಳಿದಾಗ ಅವರಿಗೆ ನೆನಪಿರುವುದು ಬಂದ ವರ್ಷ ಮತ್ತು ಇಲ್ಲಿ ಕರೆಯುತ್ತಿದ್ದ ಹೆಸರು, ಎರಡೇ. ಅವೆರಡನ್ನೂ ಆಲ್ಬಮ್ಮಿನ ಬೆನ್ನಿನ ಮೇಲೆ ಬರೆದಿಡಿ.